ಪಿಸಿಎಸ್ಒ ಕೆಲಸಕ್ಕೆ ಅರ್ಜಿ ಹಾಕಲಾ? ಮನೆಯಲ್ಲಿ ‘ಅರ್ಧ ಪೊಲೀಸ್’ ಅಂತ ನಗುತ್ತಿದ್ದಾರೆ

ಹೇಮಾವತಿ_ತೀರ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಇಂಗ್ಲೆಂಡಿಗೆ ಬಂದು 11 ವರ್ಷವಾಯಿತು. ಲಂಡನ್ನಿನ ಪಶ್ಚಿಮಕ್ಕೆ, ಎಂ4 ರಸ್ತೆ ಪಕ್ಕದ ಒಂದು ಊರಿನಲ್ಲಿದ್ದೇವೆ. ಸದ್ಯ ಒಂದು ಪ್ರೈಮರಿ ಶಾಲೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ದಿನಕ್ಕೆ ಒಂದೂವರೆ ಗಂಟೆ, ಅಷ್ಟೇ. ನನ್ನ ಮಕ್ಕಳು ದೊಡ್ಡವರಾದರು. ಇನ್ನು ಪೂರ್ತಿ ದಿನದ ಕೆಲಸ ಹಿಡಿಯೋಣ ಅನ್ನಿಸಿದೆ.

ಹೋದ ವಾರ ಪೊಲೀಸರ ಜಾಹೀರಾತು ಕಣ್ಣಿಗೆ ಬಿತ್ತು. ಪಿಸಿಎಸ್ಒ ಬೇಕಾಗಿದ್ದಾರೆ ಅಂತ. ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್. ಬಡಾವಣೆಯಲ್ಲಿ ಓಡಾಡುವುದು, ಜನರ ಜೊತೆ ಮಾತಾಡುವುದು, ಶಾಲೆಗೆ ಹೋಗುವುದು. ಓದುತ್ತಾ ಓದುತ್ತಾ ಇದು ನನಗೆ ಬರುವ ಕೆಲಸ ಅಲ್ವಾ ಅನ್ನಿಸಿತು. ನಮ್ಮ ಯಜಮಾನರು ನಕ್ಕುಬಿಟ್ಟರು. ‘ಅರ್ಧ ಪೊಲೀಸ್ ಕಣೇ ಅದು. ಅರೆಸ್ಟ್ ಮಾಡೋ ಹಾಗಿಲ್ಲ, ಕೈಯಲ್ಲಿ ಲಾಠಿ ಇಲ್ಲ, ಮಳೇಲಿ ನಡೀಬೇಕು ಅಷ್ಟೇ.’ ಮಗ ಇನ್ನೂ ಒಂದು ಹೆಜ್ಜೆ ಮುಂದೆ. ‘ಪ್ಲಾಸ್ಟಿಕ್ ಪೊಲೀಸ್’ ಅಂದ.

ಈ ಕೆಲಸ ಮಾಡಿದವರು, ಮಾಡುತ್ತಿರುವವರು ಯಾರಾದರೂ ಇದ್ದೀರಾ? ನಿಜವಾಗಿ ದಿನ ಹೇಗಿರುತ್ತದೆ? ನಮ್ಮ ಹತ್ತಿರ ಇನ್ನೂ ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲ, ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಇದೆ. ನಡೆಯುತ್ತದಾ?


ಒಗ್ಗರಣೆ · ಶನಿವಾರ ರಾತ್ರಿ

ಮೇಡಂ, ನಿಮ್ಮ ಯಜಮಾನರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಅನುಭವ ಕೇಳಿ.

ಎರಡು ವರ್ಷದ ಹಿಂದೆ, ನವರಾತ್ರಿ ಟೈಮು. ಗೊಂಬೆ ನೋಡಲು ಗೆಳೆಯರ ಮನೆಗೆ ಹೋಗಿದ್ದೆವು. ಎರಡೇ ಗಂಟೆ. ವಾಪಸ್ ಬಂದರೆ ಹಿಂಬಾಗಿಲು ತೆರೆದಿದೆ, ಬೀರು ಬರಿದಾಗಿದೆ. ಅಮ್ಮನ ಅವಲಕ್ಕಿ ಸರ, ಹೆಂಡತಿಯ ನಾಲ್ಕು ಬಳೆ, ಮಗಳ ನಾಮಕರಣದ ಉಡಿದಾರ, ಎಲ್ಲ ಹೋಯಿತು. ಪೊಲೀಸರು ಒಂದು ಕ್ರೈಮ್ ನಂಬರ್ ಕೊಟ್ಟರು. ಇನ್ಶೂರೆನ್ಸಿಗೆ ಬೇಕಾಗುತ್ತದಲ್ಲ, ಅದಕ್ಕೆ. ಹತ್ತು ದಿನಕ್ಕೆ ‘ಸುಳಿವು ಸಿಗಲಿಲ್ಲ, ಫೈಲ್ ಮುಚ್ಚಿದ್ದೇವೆ’ ಅಂತ ಈಮೇಲ್ ಬಂತು.

ನಡುವೆ ಒಬ್ಬ ಪಿಸಿಎಸ್ಒ ಬಂದಿದ್ದಳು. 25 ವರ್ಷ ಇರಬಹುದು. ಸೋಫಾದ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದಳು. ಒಳ್ಳೆಯ ಹುಡುಗಿ, ಬೇಡ ಅನ್ನಲ್ಲ. ಆದರೆ ಮಾತಿನಿಂದ ನನ್ನ ಅಮ್ಮನ ಸರ ಬರುತ್ತದಾ? ನನಗೆ ಬೇಕಾಗಿದ್ದದ್ದು ಪತ್ತೇದಾರ. ಅವರು ಕಳಿಸಿದ್ದು ಸಮಾಧಾನ ಹೇಳುವವರನ್ನು.


ನೀಲಿಪಟ್ಟಿ · ಭಾನುವಾರ ಬೆಳಗ್ಗೆ

ನನ್ನ ಹೆಸರು ನೋಡಿದರೆ ಗೊತ್ತಾಗಿರಬೇಕು. ನಮ್ಮ ಟೋಪಿಗೆ ನೀಲಿ ಪಟ್ಟಿ, ಕಾನ್ಸ್‌ಟೇಬಲ್‌ಗಳ ಟೋಪಿಗೆ ಕಪ್ಪು ಬಿಳುಪಿನ ಚೌಕಳಿ. ಮೈಸೂರಿನವಳು. ಮಿಡ್‌ಲ್ಯಾಂಡ್ಸ್‌ನ ಒಂದು ಊರಿನಲ್ಲಿ ಪಿಸಿಎಸ್ಒ ಆಗಿ ಆರು ವರ್ಷವಾಯಿತು. ರಾತ್ರಿ ಲೇಟ್ ಶಿಫ್ಟ್ ಮುಗಿಸಿ ಈಗ ಎದ್ದೆ. ಕಾಫಿ ಹಿಡಿದುಕೊಂಡು ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ಮೊದಲು ಅಧಿಕಾರದ ಮಾತು. 2002ರ ಪೊಲೀಸ್ ಸುಧಾರಣಾ ಕಾಯ್ದೆಯಲ್ಲಿ ಈ ಹುದ್ದೆ ಹುಟ್ಟಿತು. ಆಗ ಗೃಹ ಸಚಿವರಾಗಿದ್ದವರು ಡೇವಿಡ್ ಬ್ಲಂಕೆಟ್. ಅದಕ್ಕೇ ಪತ್ರಿಕೆಗಳು ಮೊದಲು ‘ಬ್ಲಂಕೆಟ್ ಬಾಬಿಗಳು’ ಅಂತ ಆಡಿಕೊಂಡವು (ಬಾಬಿ ಅಂದರೆ ಇಲ್ಲಿನ ಆಡುಮಾತಲ್ಲಿ ಪೊಲೀಸ್). ‘ಪ್ಲಾಸ್ಟಿಕ್ ಪೊಲೀಸ್’ ಅನ್ನುವುದೂ ಹಳೆಯ ಮಾತೇ. ನಿಮ್ಮ ಮಗ ಹೊಸದಾಗಿ ಏನೂ ಹೇಳಿಲ್ಲ.

ಕಾನ್ಸ್‌ಟೇಬಲ್‌ಗೆ ಇರುವ ಅರೆಸ್ಟ್ ಅಧಿಕಾರ ನಮಗಿಲ್ಲ, ನಿಜ. ಬ್ಯಾಟನ್ ಇಲ್ಲ, ಕರೆಂಟ್ ಹೊಡೆಯುವ ಟೇಸರ್ ಇಲ್ಲ. ಎದೆಗೆ ಚೂರಿ ತಡೆಯುವ ಜಾಕೆಟ್, ಕ್ಯಾಮೆರಾ, ರೇಡಿಯೋ ಇರುತ್ತವೆ. ಗಲಾಟೆ ಮಾಡುವವರ ಹೆಸರು, ವಿಳಾಸ ಕೇಳಬಹುದು. ಕೊಡದಿದ್ದರೆ ಅದೇ ಅಪರಾಧ. ಮುಖ್ಯ ಅಧಿಕಾರಿ ಆ ಅಧಿಕಾರ ಕೊಟ್ಟಿರುವ ಕಡೆ, ಕಾನ್ಸ್‌ಟೇಬಲ್ ಬರುವ ತನಕ 30 ನಿಮಿಷ ನಿಲ್ಲಿಸಿಕೊಳ್ಳಬಹುದು. ಅರ್ಧ ಪೊಲೀಸ್, ಅರ್ಧ ಗಂಟೆ, ಲೆಕ್ಕ ಸರಿಹೋಯಿತು! ಚಿಕ್ಕ ಹುಡುಗರ ಕೈಯಿಂದ ಬಿಯರ್, ಸಿಗರೇಟು ಕಿತ್ತುಕೊಳ್ಳಬಹುದು. ಕಸ ಎಸೆದರೆ, ಫುಟ್‌ಪಾತಲ್ಲಿ ಸೈಕಲ್ ಓಡಿಸಿದರೆ ದಂಡದ ಚೀಟಿ. ಒಳಗೆ ಯಾರದೋ ಜೀವಕ್ಕೆ ಅಪಾಯ ಅನ್ನಿಸಿದರೆ ಮನೆಯೊಳಗೆ ನುಗ್ಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 43 ಪೊಲೀಸ್ ಪಡೆಗಳಿವೆ. ಯಾರಿಗೆ ಯಾವ ಅಧಿಕಾರ ಅನ್ನುವುದು ಪಡೆಯಿಂದ ಪಡೆಗೆ ಸ್ವಲ್ಪ ಬೇರೆ.

ಆದರೆ ಆರು ವರ್ಷದಲ್ಲಿ ನಾನು ದಂಡದ ಚೀಟಿ ಹರಿದಿದ್ದು ಬೆರಳಲ್ಲಿ ಎಣಿಸುವಷ್ಟು. ಕೆಲಸ ಇರುವುದು ಬೇರೆ ಕಡೆ.

ಒಂದು ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಏರಿಯಾದಲ್ಲಿ ಒಬ್ಬ ಅಜ್ಜ, ಕೌನ್ಸಿಲ್ (ಇಲ್ಲಿನ ನಗರಸಭೆ) ಫ್ಲ್ಯಾಟಿನಲ್ಲಿ ಒಬ್ಬರೇ. ನಾನು ಹಾದುಹೋದಾಗಲೆಲ್ಲ ಕಿಟಕಿಯಿಂದ ಕೈ ಬೀಸುತ್ತಿದ್ದರು. ಬಿನ್ ಹೊರಗಿಡುವ ದಿನ ಬುಧವಾರ. ಮಧ್ಯಾಹ್ನದೊಳಗೆ ಅವರ ಬಿನ್ ವಾಪಸ್ ಒಳಗೆ ಹೋಗಿರುತ್ತಿತ್ತು, ಗಡಿಯಾರ ಇಟ್ಟ ಹಾಗೆ. ಒಂದು ತಿಂಗಳು ನನ್ನನ್ನು ಬೇರೆ ಕಡೆ ಹಾಕಿದ್ದರು. ವಾಪಸ್ ಬಂದು ನೋಡುತ್ತೇನೆ, ಕಿಟಕಿಗೆ ಕಂಬಳಿ. ಬಿನ್ ತುಂಬಾ ಪಿಜ್ಜಾ ಡಬ್ಬಿ. ಹಲ್ಲಿಲ್ಲದ ಅಜ್ಜನಿಗೆ ವಾರಕ್ಕೆ ಹದಿನೈದು ಪಿಜ್ಜಾ ಯಾಕೆ? ಬಾಗಿಲು ತಟ್ಟಿದರೆ 19ರ ಹುಡುಗ ಬಂದ. ‘ಮೊಮ್ಮಗ’ ಅಂದ. ಅಜ್ಜನಿಗೆ ಮದುವೆಯೇ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು, ಯಾಕೆಂದರೆ ಆ ದುಃಖ ಅವರು ನನ್ನ ಹತ್ತಿರ ಹತ್ತು ಸಲ ಹೇಳಿದ್ದರು.

ಇಲ್ಲಿ ಇದಕ್ಕೆ ‘ಕುಕೂಯಿಂಗ್’ ಅನ್ನುತ್ತಾರೆ. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತದಲ್ಲ, ಹಾಗೆ. ದೊಡ್ಡ ಊರಿನ ಡ್ರಗ್ಸ್ ಗ್ಯಾಂಗ್‌ಗಳು ಸಣ್ಣ ಊರಿಗೆ ಬಂದು ಒಂಟಿ ಮುದುಕರ, ಕಾಯಿಲೆಯವರ ಮನೆ ಹೊಕ್ಕು ಅಲ್ಲಿಂದಲೇ ವ್ಯಾಪಾರ ಮಾಡುತ್ತವೆ. ಮನೆಯವರು ಹೆದರಿ ಬಾಯಿ ಬಿಡುವುದಿಲ್ಲ. ಹಾಗಾಗಿ ತುರ್ತು ನಂಬರ್ 999ಕ್ಕೆ ಕರೆಯೇ ಬರುವುದಿಲ್ಲ. ನಾನು ಅಲ್ಲಿ ಏನೂ ಸಾಹಸ ಮಾಡಲಿಲ್ಲ. ‘ಓಹ್ ಸರಿ, ಅಜ್ಜನಿಗೆ ಕೇಳಿದೆ ಅಂತ ಹೇಳು’ ಅಂದು ನಗುತ್ತಾ ಬಂದುಬಿಟ್ಟೆ. ಕೈಕಾಲು ನಡುಗುತ್ತಿತ್ತು. ಸ್ಟೇಷನ್ನಿಗೆ ಹೋಗಿ ಎಲ್ಲ ಬರೆದೆ. ಕಾರ್ ನಂಬರ್, ಬರುವ ಹೋಗುವ ಹೊತ್ತು, ಪಿಜ್ಜಾ ಡಬ್ಬಿ ಸಮೇತ. ಮುಂದಿನ ವಾರ ಟೀಮ್ ಬಾಗಿಲು ಒಡೆಯಿತು. ಆಮೇಲೆ ಕೋರ್ಟಿನಿಂದ ಆದೇಶ ತಂದರು, 3 ತಿಂಗಳು ಆ ಮನೆಗೆ ಅಜ್ಜನನ್ನು ಮತ್ತು ಆದೇಶದಲ್ಲಿ ಹೆಸರಿದ್ದವರನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ ಅಂತ.

ಬಾಗಿಲು ಒಡೆದವರ ಫೋಟೊ ಪೇಪರಲ್ಲಿ ಬಂತು. ಬಿನ್ ನೋಡಿದವಳದ್ದು ಬರಲಿಲ್ಲ. ಬೇಜಾರಿಲ್ಲ, ಫೋಟೊ ಬಂದರೆ ನನ್ನ ಕೆಲಸಕ್ಕೇ ಕಷ್ಟ.


ಎಡಿನ್‌ಬರ್ಗ್_ಎಮ್ಮೆ · ಭಾನುವಾರ

ಸುಮ್ನೆ ಮಾಹಿತಿಗೆ. ಸ್ಕಾಟ್‌ಲೆಂಡಿನಲ್ಲಿ ಪಿಸಿಎಸ್ಒ ಅನ್ನುವ ಹುದ್ದೆಯೇ ಇಲ್ಲ. ಇಲ್ಲಿ ಕೆಲವು ಕೌನ್ಸಿಲ್‌ಗಳು ಕಮ್ಯುನಿಟಿ ವಾರ್ಡನ್ ಅಂತ ಇಟ್ಟುಕೊಳ್ಳುತ್ತವೆ. ಅವರು ಪೊಲೀಸರಲ್ಲ. ಯಾರಾದರೂ ಉತ್ತರಕ್ಕೆ ಬರುವ ಯೋಚನೆಯಲ್ಲಿದ್ದರೆ ನೆನಪಿಡಿ.


ಒಗ್ಗರಣೆ · ಭಾನುವಾರ ಮಧ್ಯಾಹ್ನ

ನೀಲಿಪಟ್ಟಿ ಅವರೇ, ಕಥೆ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಅಲ್ಲ. ಅಜ್ಜನ ಮನೆ ಒಂದು ತಿಂಗಳು ಯಾರೂ ನೋಡಲಿಲ್ಲ ಅಂತ ನೀವೇ ಹೇಳಿದಿರಿ. ನಿಮ್ಮನ್ನು ಬೇರೆ ಕಡೆ ಹಾಕಿದ್ದರು ಅಂತ. ಅಂದರೆ ವ್ಯವಸ್ಥೆ ನಿಂತಿರುವುದು ಒಬ್ಬರ ನೆನಪಿನ ಮೇಲೆ. 2007ರಲ್ಲಿ ವಿಗನ್ ಹತ್ತಿರ ಕೊಳದಲ್ಲಿ ಹುಡುಗ ಮುಳುಗಿದಾಗ ಪಿಸಿಎಸ್ಒಗಳು ನೀರಿಗೆ ಇಳಿಯಲಿಲ್ಲ ಅಂತ ದೇಶವೇ ಬೈದಿದ್ದು ನೆನಪಿದೆಯಾ? ಸಮವಸ್ತ್ರ ನೋಡಿದ ಜನ ಪೊಲೀಸ್ ಅಂದುಕೊಳ್ಳುತ್ತಾರೆ. ತರಬೇತಿ ಮಾತ್ರ ಕಡಿಮೆ. ಇದು ಜನರಿಗೂ ಮೋಸ, ನಿಮಗೂ ಮೋಸ.


ನೀಲಿಪಟ್ಟಿ · ಭಾನುವಾರ ಮಧ್ಯಾಹ್ನ

ವಿಗನ್ ವಿಷಯದಲ್ಲಿ ಒಂದು ಮಾತು. ಅವರು ಬಂದಾಗ ಹುಡುಗ ಆಗಲೇ ನೀರೊಳಗೆ ಮುಳುಗಿ ಕಾಣುತ್ತಿರಲಿಲ್ಲ ಅಂತ ಆಗಲೇ ಹೇಳಿದ್ದರು. ಆ ಮನೆಯವರ ಸಂಕಟಕ್ಕೆ ಅದರಿಂದ ಏನೂ ಕಡಿಮೆಯಾಗಲ್ಲ. ಅದರ ಮೇಲೆ ನಾನು ವಾದ ಮಾಡಲ್ಲ.

ಒಬ್ಬರ ನೆನಪಿನ ಮೇಲೆ ನಿಂತಿದೆ ಅಂದಿರಲ್ಲ, ಅದು ಸರಿಯಾದ ಮಾತು. ನನ್ನ ಕೊರಗೂ ಅದೇ. ನಮ್ಮ ಕಡೆ ಅದಕ್ಕೊಂದು ಶಬ್ದ ಇದೆ, ‘ಆಬ್‌ಸ್ಟ್ರ್ಯಾಕ್ಷನ್’. ಅಂದರೆ ನಿಮ್ಮನ್ನು ನಿಮ್ಮ ಏರಿಯಾದಿಂದ ಎತ್ತಿ ಇನ್ನೆಲ್ಲೋ ಹಾಕುವುದು. ಎಲ್ಲೋ ಚೂರಿ ಇರಿತ ಆಯಿತು ಅನ್ನಿ. ಟೇಪು ಕಟ್ಟಿದ ಜಾಗದ ಮುಂದೆ ಎಂಟು ಗಂಟೆ ನಿಂತು ಯಾರು ಒಳಗೆ ಹೋದರು, ಎಷ್ಟಕ್ಕೆ ಬಂದರು ಅಂತ ಬರೆಯುತ್ತಿರಬೇಕು. ಜನವರಿ ಚಳಿ. ಬಾತ್‌ರೂಮಿಗೆ ಹೋಗಲು ಇನ್ನೊಬ್ಬರು ಬರಬೇಕು. ಆ ಎಂಟು ಗಂಟೆ ನನ್ನ ಏರಿಯಾ ಖಾಲಿ.


ಪಾಯಿಂಟ್‌ಬುಕ್ · ಭಾನುವಾರ ಸಂಜೆ

ಮಗನ ಮನೆಗೆ ಮಿಲ್ಟನ್ ಕೀನ್ಸ್‌ಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ಸಂಜೆ ಹೊತ್ತು ಹೋಗುವುದಿಲ್ಲ, ಈ ಚರ್ಚೆ ಸಿಕ್ಕಿತು. ನಾನು ದಾವಣಗೆರೆ ಕಡೆ ಎಎಸ್ಐ ಆಗಿ ನಿವೃತ್ತನಾದವನು. 34 ವರ್ಷ ಸರ್ವಿಸ್.

ತಂಗೀ, ಆಬ್‌ಸ್ಟ್ರ್ಯಾಕ್ಷನ್ ಅಂದಿಯಲ್ಲ, ನಮ್ಮಲ್ಲಿ ಅದಕ್ಕೆ ಬಂದೋಬಸ್ತ್ ಅಂತಾರೆ! ಗಣಪತಿ ಬಂದರೆ ಬೀಟ್ ಇಲ್ಲ, ಎಲೆಕ್ಷನ್ ಬಂದರೆ ಬೀಟ್ ಇಲ್ಲ, ಮಂತ್ರಿ ಬಂದರೆ ಮೊದಲೇ ಇಲ್ಲ. ನಾವು ರಾತ್ರಿ ಗಸ್ತಿಗೆ ಹೋದಾಗ ಗುಡಿ ಹತ್ತಿರ, ಬ್ಯಾಂಕ್ ಹತ್ತಿರ ಪಾಯಿಂಟ್ ಬುಕ್ ಇಟ್ಟಿರುತ್ತಿದ್ದರು. ಹೋಗಿ ಸಹಿ ಹಾಕಬೇಕು. ಸಾಹೇಬರು ನೋಡುತ್ತಿದ್ದದ್ದು ಸಹಿ. ಬೀದಿಯಲ್ಲಿ ಯಾರ ಮನೆ ದೀಪ ಆರಿದೆ ಅಂತ ಯಾರೂ ಕೇಳಲಿಲ್ಲ. ಕೆಲವರು ಒಂದೇ ಸಲ ನಾಲ್ಕು ಸಹಿ ಹಾಕಿ ಮಲಗುತ್ತಿದ್ದರು. ನಾನೂ ಹಾಕಿದ್ದೇನೆ, ಸುಳ್ಳು ಹೇಳಲ್ಲ.

ನಮ್ಮಲ್ಲೂ 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರು ಮಾಡಿದರು. ಬೀಟ್ ಪೊಲೀಸರು ಮನೆ ಬಾಗಿಲಿಗೆ ಹೋಗಿ ಸಮಸ್ಯೆ ಕೇಳುವುದು. ಒಳ್ಳೆಯದೇ. ಆದರೆ ನಮ್ಮ ಕಡೆ ಖಾಕಿ ಬಾಗಿಲಿಗೆ ಬಂದರೆ ಪಕ್ಕದ ಮನೆಯವರು ಮೊದಲು ಕೇಳುವುದು ‘ಏನ್ ಕೇಸು?’ ಅಂತ. ಇಲ್ಲಿ ನಮ್ಮ ಮೊಮ್ಮಗಳ ಶಾಲೆ ಗೇಟಿನಲ್ಲಿ ಒಬ್ಬ ಪಿಸಿಎಸ್ಒ ನಿಲ್ಲುತ್ತಾನೆ. ಮಕ್ಕಳು ಅವನ ಕೈಗೆ ಚಪ್ಪಾಳೆ ಹೊಡೆದು ಹೋಗುತ್ತವೆ. 34 ವರ್ಷದಲ್ಲಿ ಒಂದು ಮಗು ನನ್ನ ಕೈಗೆ ಹಾಗೆ ಹೊಡೆಯಲಿಲ್ಲ.

ನನಗೆ ಒಂದು ಅನುಮಾನ. ಅರೆಸ್ಟ್ ಅಧಿಕಾರ ಇಲ್ಲದ್ದಕ್ಕೇ ಮಕ್ಕಳು ಹತ್ತಿರ ಬರುತ್ತವೆಯೇ?


ನೀಲಿಪಟ್ಟಿ · ಭಾನುವಾರ ರಾತ್ರಿ

ಸರ್, ನಿಮ್ಮ ಕೊನೆಯ ಸಾಲು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಪೂರ್ತಿ ಹೌದು ಅನ್ನಲಾರೆ. ಯೂನಿಫಾರ್ಮ್ ಕಂಡರೆ ಉಗಿಯುವವರೂ ಇದ್ದಾರೆ. ಆದರೆ ಅರೆಸ್ಟ್ ಮಾಡಿದ ಕಾನ್ಸ್‌ಟೇಬಲ್ ಆಮೇಲೆ ನಾಲ್ಕೈದು ಗಂಟೆ ಕಸ್ಟಡಿ, ಕಾಗದ ಪತ್ರ ಅಂತ ಸಿಕ್ಕಿಹಾಕಿಕೊಳ್ಳುತ್ತಾನೆ. ನನಗೆ ಆ ಅಧಿಕಾರ ಇಲ್ಲದ್ದರಿಂದ ಆ ನಾಲ್ಕೈದು ಗಂಟೆ ನನ್ನ ಹತ್ತಿರವೇ ಉಳಿಯುತ್ತದೆ. ಅದರಲ್ಲಿ ನಾಲ್ಕು ಮನೆ ಚಹಾ ಕುಡಿಯಬಹುದು. ಜನ ಮೊದಲ ಸಲಕ್ಕೆ ಏನೂ ಹೇಳುವುದಿಲ್ಲ. ಐದನೇ ಚಹಾಕ್ಕೆ ಬಾಯಿ ಬಿಡುತ್ತಾರೆ.


ಸೋನೆಮಳೆ · ಭಾನುವಾರ ರಾತ್ರಿ

ಕಾರ್ಡಿಫ್‌ನಿಂದ. ಕೌನ್ಸಿಲ್‌ನಲ್ಲಿ ಕೆಲಸ, ಪೊಲೀಸರ ಜೊತೆ ಮೀಟಿಂಗ್ ಇರುತ್ತದೆ. ಹೇಮಾವತಿ ಅವರು ಅರ್ಜಿ ಹಾಕುವ ಮುಂಚೆ ಒಂದು ವಿಷಯ ಗೊತ್ತಿರಲಿ. ಕೆಲಸದ ಭದ್ರತೆ.

2010ರಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 16,900 ಪಿಸಿಎಸ್ಒಗಳಿದ್ದರು. ಈಗ ಅದರ ಅರ್ಧಕ್ಕಿಂತ ಕಡಿಮೆ. ನಾರ್ಫೋಕ್ ಪೊಲೀಸ್ 2018ರಲ್ಲಿ ಇಡೀ ಹುದ್ದೆಯನ್ನೇ ತೆಗೆದುಹಾಕಿತು. ಯಾಕೆ ಗೊತ್ತಾ? ಕಾನ್ಸ್‌ಟೇಬಲ್‌ಗಳು ಕಾನೂನಿನ ಪ್ರಕಾರ ನೌಕರರಲ್ಲ. ಪ್ರಮಾಣವಚನ ತಗೊಂಡ ಅಧಿಕಾರಿಗಳು. ಅವರನ್ನು ‘ಹುದ್ದೆ ಇಲ್ಲ’ ಅಂತ ಮನೆಗೆ ಕಳಿಸುವ ಹಾಗಿಲ್ಲ. ಪಿಸಿಎಸ್ಒಗಳು ಮಾಮೂಲಿ ಸಿಬ್ಬಂದಿ. ದುಡ್ಡು ಕಡಿಮೆಯಾದಾಗ ಕತ್ತರಿ ಎಲ್ಲಿ ಹಾಕುತ್ತಾರೆ ಹೇಳಿ. ಆಮೇಲೆ 2019ರಲ್ಲಿ 20,000 ಹೊಸ ಪೊಲೀಸ್ ಅಧಿಕಾರಿಗಳು ಅಂತ ಸರ್ಕಾರ ಘೋಷಿಸಿತು. ಆ ಲೆಕ್ಕದಲ್ಲಿ ಪಿಸಿಎಸ್ಒ ಬರುತ್ತಿರಲಿಲ್ಲ. ಎಷ್ಟೋ ಪಿಸಿಎಸ್ಒಗಳು ತಾವೇ ಕಾನ್ಸ್‌ಟೇಬಲ್ ಆದರು, ಅವರ ಜಾಗ ಖಾಲಿ ಉಳಿಯಿತು.

ಈಗ ಗಾಳಿ ಸ್ವಲ್ಪ ತಿರುಗಿದೆ. ಈಗಿನ ಸರ್ಕಾರ 2029ರೊಳಗೆ ಬಡಾವಣೆ ಪೊಲೀಸ್ ಕೆಲಸಕ್ಕೆ 13,000 ಜನ ಹೆಚ್ಚಿಗೆ ಅಂದಿದೆ. ಕಾನ್ಸ್‌ಟೇಬಲ್, ಪಿಸಿಎಸ್ಒ, ಸ್ಪೆಷಲ್ (ಸ್ವಯಂಸೇವಕ ಪೊಲೀಸರು) ಎಲ್ಲ ಸೇರಿ. ನಮ್ಮ ವೇಲ್ಸ್‌ನಲ್ಲಿ 2011ರಿಂದ ಇಲ್ಲಿನ ಸರ್ಕಾರವೇ 500 ಹೆಚ್ಚುವರಿ ಹುದ್ದೆಗೆ ದುಡ್ಡು ಕೊಟ್ಟಿದ್ದರಿಂದ ಅಷ್ಟು ಹೊಡೆತ ಬೀಳಲಿಲ್ಲ.

ಯೂನಿಯನ್ ಮಾತ್ರ ಸೇರಿಕೊಳ್ಳಿ. ಕಾನ್ಸ್‌ಟೇಬಲ್‌ಗಳಿಗೆ ಮುಷ್ಕರದ ಹಕ್ಕಿಲ್ಲ, ನಿಮಗಿದೆ. ಅದಾದರೂ ಪೂರ್ತಿ ಪೊಲೀಸರಿಗಿಂತ ಒಂದು ಕೈ ಮೇಲೆ!


ಒಗ್ಗರಣೆ · ಸೋಮವಾರ

ಸರಿ, ನಾನೂ ಒಂದು ಒಪ್ಪಿಕೊಳ್ಳುತ್ತೇನೆ. ನಿನ್ನೆ ಬರೆಯುವಾಗ ಸಿಟ್ಟಿನಲ್ಲಿ ಬಿಟ್ಟುಬಿಟ್ಟಿದ್ದೆ.

ಆ ಹುಡುಗಿ ಮುಕ್ಕಾಲು ಗಂಟೆ ಮಾತಾಡಿದಳು ಅಂದೆನಲ್ಲ. ಎದ್ದು ಹೋಗುವಾಗ ಹಿಂಬಾಗಿಲ ಹಿಡಿ ಹಿಡಿದು ನೋಡಿದಳು. ಇಲ್ಲಿನ ಪ್ಲಾಸ್ಟಿಕ್ ಬಾಗಿಲು ಗೊತ್ತಲ್ಲ, ಹಿಡಿ ಮೇಲೆತ್ತಿದರೆ ಬೀಗ ಬಿತ್ತು ಅಂದುಕೊಳ್ಳುತ್ತೇವೆ. ಬಿದ್ದಿರುವುದಿಲ್ಲ. ಕೀಲಿ ತಿರುಗಿಸಬೇಕು. ಏಳು ವರ್ಷ ನಾವು ತಿರುಗಿಸಿರಲಿಲ್ಲ! ಬೀಗದ ಸಿಲಿಂಡರ್ ಹೊರಗೆ ಚಾಚಿಕೊಂಡಿತ್ತು, ಇಕ್ಕಳದಲ್ಲಿ ಮುರಿಯಬಹುದು ಅಂತ ತೋರಿಸಿದಳು. ಮುರಿಯದ ಬೀಗ ಹಾಕಿಸಿ ಅಂದಳು. ಒಡವೆಯ ಫೋಟೊ ತೆಗೆದಿಡಿ ಅಂದಳು. ಹೆಂಡತಿ ಬಾಗಿಲ ತೋರಣ ತೆಗೆದುಬಿಡಲಾ ಅಂತ ಕೇಳಿದಳು, ನಮ್ಮವರ ಮನೆ ಅಂತ ಕಳ್ಳರಿಗೆ ಗೊತ್ತಾಗದಿರಲಿ ಅಂತ. ಆ ಹುಡುಗಿ ಬೇಡ ಅಂದಳು. ‘ಬೀಗ ಬದಲಾಯಿಸಿ. ತೋರಣ ಯಾಕೆ ತೆಗೆಯುತ್ತೀರಿ?’

ಆಮೇಲೆ ನಮ್ಮ ಬೀದಿಯ ಆರು ಮನೆಗೂ ಹೋಗಿ ಹಿಡಿ ನೋಡಿದಳಂತೆ. ಆರರಲ್ಲಿ ನಾಲ್ಕು ಮನೆ ಕೀಲಿ ತಿರುಗಿಸುತ್ತಿರಲಿಲ್ಲ.

ಸರ ಬರಲಿಲ್ಲ. ಪತ್ತೆ ಮಾಡಬೇಕಾದವರು ಮಾಡಲಿಲ್ಲ. ಆ ಸಿಟ್ಟು ಹಾಗೇ ಇದೆ. ಆದರೆ ಅದು ಅವಳ ಲೆಕ್ಕಕ್ಕೆ ಹಾಕಿದ್ದು ನನ್ನ ತಪ್ಪು.


ಪಾಯಿಂಟ್‌ಬುಕ್ · ಸೋಮವಾರ

ಸೊಸೆಗೆ ಓದಿ ಹೇಳಿದೆ. ಎದ್ದು ಹೋಗಿ ಹಿಂಬಾಗಿಲ ಕೀಲಿ ತಿರುಗಿಸಿ ಬಂದಳು.


ಹೇಮಾವತಿ_ತೀರ · ಮಂಗಳವಾರ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಾವೂ ಕೀಲಿ ತಿರುಗಿಸುತ್ತಿರಲಿಲ್ಲ, ಗುಟ್ಟಾಗಿ ಹೇಳುತ್ತಿದ್ದೇನೆ.

ನೀಲಿಪಟ್ಟಿ ಅಕ್ಕ, ಐಎಲ್‌ಆರ್ ವಿಷಯ ಮರೆತಿರಿ. ಇನ್ನೊಂದು ಭಯ. ನನ್ನ ಇಂಗ್ಲಿಷ್ ಶಾಲೆ ಮಕ್ಕಳ ಜೊತೆ ಆಡುವ ಇಂಗ್ಲಿಷ್. ಜೋರಾಗಿ ಕೂಗಾಡುವವರ ಮುಂದೆ ಬಾಯಿ ಕಟ್ಟಿಬಿಟ್ಟರೆ?


ನೀಲಿಪಟ್ಟಿ · ಮಂಗಳವಾರ ರಾತ್ರಿ

ಮರೆತೇಬಿಟ್ಟೆ, ಸಾರಿ. ಐಎಲ್‌ಆರ್ ಇದ್ದರೆ ಸಾಮಾನ್ಯವಾಗಿ ಸಾಕು. ಪಾಸ್‌ಪೋರ್ಟ್ ಬೇಕೇಬೇಕು ಅಂತಿಲ್ಲ. ಇಲ್ಲಿ ಮೂರು ವರ್ಷ ವಾಸವಿರಬೇಕು ಅಂತ ಬಹಳ ಕಡೆ ಕೇಳುತ್ತಾರೆ, ನಿಮಗೆ 11 ಆಗಿದೆ. ಡಿಗ್ರಿ ಬೇಡ. ವೆಟಿಂಗ್, ಅಂದರೆ ಹಿನ್ನೆಲೆ ಪರಿಶೀಲನೆ, ಮಾತ್ರ ನಿಧಾನ, ತಿಂಗಳುಗಟ್ಟಲೆ. ಸಾಲ, ಮನೆಯವರ ವಿವರ ಎಲ್ಲ ಕೇಳುತ್ತಾರೆ. ಮುಚ್ಚಿಡಬೇಡಿ. ಸಾಲ ಇದ್ದದ್ದಕ್ಕಿಂತ ಸಾಲ ಮುಚ್ಚಿಟ್ಟಿದ್ದು ದೊಡ್ಡ ತಪ್ಪಾಗುತ್ತದೆ.

ಇಂಗ್ಲಿಷ್ ಬಗ್ಗೆ. ಊಟದ ಹೊತ್ತಲ್ಲಿ ಇನ್ನೂರು ಮಕ್ಕಳನ್ನು ಸಾಲಲ್ಲಿ ನಿಲ್ಲಿಸುತ್ತೀರಲ್ಲ, ಅರೆಸ್ಟ್ ಮಾಡುವ ಬೆದರಿಕೆ ಹಾಕಿ ನಿಲ್ಲಿಸುತ್ತೀರಾ? ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿ.

ಒಂದು ಕನ್ನಡದ ವಿಷಯವೂ ಇದೆ. ಕಳೆದ ವರ್ಷ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ದಾರಿ ತಪ್ಪಿದ್ದರು. ಮರೆವಿನ ಕಾಯಿಲೆ. ಬಸ್ ಸ್ಟಾಪಿನಲ್ಲಿ ಕೂತಿದ್ದರು, ಯಾರು ಏನು ಕೇಳಿದರೂ ಉತ್ತರ ಇಲ್ಲ. ಸೀರೆ ನೋಡಿ ನನ್ನನ್ನು ಕಳಿಸಿದರು, ಎಲ್ಲ ಭಾಷೆ ಬರುತ್ತದೆ ಅನ್ನುವ ಹಾಗೆ. ನನ್ನ ಪುಣ್ಯ, ‘ಅಜ್ಜಿ, ಊಟ ಆಯ್ತಾ?’ ಅಂದೆ. ‘ಇಲ್ಲ ಕಣಮ್ಮ, ಅನ್ನ ಇಟ್ಟಿದ್ದೆ ಒಲೆ ಮೇಲೆ’ ಅಂದರು. ಒಲೆ ಯಾವ ಊರಿನದೋ, ಯಾವ ಕಾಲದ್ದೋ. ಇಂಥ ಹಿರಿಯರು ಮನೆಯಲ್ಲಿದ್ದರೆ ‘ಹರ್ಬರ್ಟ್ ಪ್ರೋಟೋಕಾಲ್’ ಅಂತ ಒಂದು ಫಾರಂ ಇದೆ, ತುಂಬಿಟ್ಟುಕೊಳ್ಳಿ. ಫೋಟೊ, ಮಾತಾಡುವ ಭಾಷೆ, ಹೋಗಬಹುದಾದ ಜಾಗ ಎಲ್ಲ ಬರೆಯಬೇಕು. ಕಾಣೆಯಾದ ಹೊತ್ತಲ್ಲಿ ಗಾಬರಿಯಿಂದ ಯಾವುದೂ ನೆನಪಾಗುವುದಿಲ್ಲ.

ಹಾಂ, ಕೆಲವು ಕಡೆ ಅರ್ಜಿ ಹಾಕುವ ಮುಂಚೆ ಒಂದು ಶಿಫ್ಟ್ ಜೊತೆಯಲ್ಲಿ ಓಡಾಡಲು ಬಿಡುತ್ತಾರೆ. ಕೇಳಿ ನೋಡಿ.


ಹೇಮಾವತಿ_ತೀರ · ಶುಕ್ರವಾರ

ಕೇಳಿದೆ. ಒಪ್ಪಿದರು! ಮುಂದಿನ ಗುರುವಾರ ಮಧ್ಯಾಹ್ನ 2ರಿಂದ. ಹಾಸನಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ ‘ಲಾಠಿ ಕೊಡಲ್ವಂತಾ? ಹೋಗಲಿ ಬಿಡು, ಕೊಡೆ ತಗೊಂಡು ಹೋಗು’ ಅಂದರು. ಯಜಮಾನರು ಏನೂ ಹೇಳಲಿಲ್ಲ. ಬೂಟ್ಸ್ ಎಲ್ಲಿ ಚೆನ್ನಾಗಿರುತ್ತದೆ ಅಂತ ಆನ್‌ಲೈನಲ್ಲಿ ಹುಡುಕುತ್ತಿದ್ದಾರೆ. ಜೊತೆಯಲ್ಲಿ ಬರುವವರಿಗೆ ಸ್ವಲ್ಪ ಚಕ್ಕುಲಿ ಮಾಡಿಕೊಂಡು ಹೋಗಲಾ?


ನೀಲಿಪಟ್ಟಿ · ಶುಕ್ರವಾರ

ಕೊಡೆ ಬೇಡ, ಕೈ ಖಾಲಿ ಇರಬೇಕು. ಎರಡು ಜೊತೆ ಕಾಲುಚೀಲ ಹಾಕಿ. ಚಕ್ಕುಲಿ ಡಬ್ಬಿ ಕೊಟ್ಟರೆ ಪಾಪ ಅವರು ಉಡುಗೊರೆ ರಿಜಿಸ್ಟರಲ್ಲಿ ಬರೆಯಬೇಕಾಗಬಹುದು. ನಿಮ್ಮ ಜೇಬಲ್ಲಿ ನಾಲ್ಕು ಇಟ್ಟುಕೊಂಡು, ನಡೆಯುತ್ತಾ ಒಂದು ಮುರಿದು ಕೊಡಿ.